ಕರೆಂಟ್ ಹೋಗಿ ವಿಎಂವೇರ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಮೆಷಿನಿನ ವಿಎಂಎಕ್ಸ್ ಫೈಲ್ ಖಾಲಿಯಾಗಿದೆ, ಸೊನ್ನೆ ಕೆಬಿ. ರಿಕವರಿ ಸಾಫ್ಟ್‌ವೇರ್ ಹಾಕಲೇ, ವಿಂಡೋಸನ್ನೇ ಹೊಸದಾಗಿ ಹಾಕಲೇ?

ಎರಡೂ ಬೇಡ. ಫೈಲ್ ಸೊನ್ನೆ ಕೆಬಿ ಅಂತ ನೀವು ಬರೆದದ್ದು ಓದಿದ ಕೂಡಲೇ ಪೀಣ್ಯದ ಆ ಬೆಳಗ್ಗೆ ಕಣ್ಣ ಮುಂದೆ ಬಂತು.

ಅಲ್ಲೊಂದು ಸಣ್ಣ ವರ್ಕ್‌ಶಾಪಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಬಿಲ್ಲು, ಸ್ಟಾಕು, ಸಂಬಳ ಎಲ್ಲವೂ ವಿಎಂವೇರ್ ವರ್ಕ್‌ಸ್ಟೇಷನ್ ಒಳಗಿನ ಒಂದು ವಿಂಡೋಸ್‌ನಲ್ಲಿ. ಮಾರ್ಚ್ ಕೊನೆಯ ವಾರ ರಾತ್ರಿ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಬೆಳಗ್ಗೆ "ಏನಪ್ಪಾ, ಬಿಲ್ ಹಾಕೋದು ಯಾವಾಗ?" ಅಂತ ಓನರ್ ಬೆನ್ನ ಹಿಂದೆಯೇ ನಿಂತಿದ್ದರು.

ವಿಎಂಎಕ್ಸ್ ಅಂದರೆ ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು, ನೆಟ್‌ವರ್ಕ್ ಕಾರ್ಡ್ ಯಾವುದು ಅಂತ ಬರೆದಿಟ್ಟ ಚೀಟಿ. ಡೇಟಾ ಇರುವುದು ವಿಎಂಡಿಕೆಯಲ್ಲಿ, ಅಂದರೆ ಆ ಮೆಷಿನಿನ ಹಾರ್ಡ್ ಡಿಸ್ಕ್ ಆಗಿರುವ ಫೈಲಿನಲ್ಲಿ. ಇಷ್ಟು ನನಗೂ ಗೊತ್ತಿತ್ತು. ಹೊಸ ಮೆಷಿನ್ ಮಾಡಿ, ಈಗಾಗಲೇ ಇರುವ ಡಿಸ್ಕನ್ನೇ ಬಳಸು ಅಂತ ಆಯ್ದು, ಹಳೇ ವಿಎಂಡಿಕೆ ತೋರಿಸಿದೆ. ಕೆಟ್ಟದ್ದು ಅಲ್ಲೇ.

ಅಕ್ಟೋಬರ್‌ನಲ್ಲಿ ಒಂದು ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಿರುಗಲು ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು) ತೆಗೆದು ಮರೆತಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಹೊಸದೆಲ್ಲ ಹೆಸರಿನ ಕೊನೆಗೆ -000001 ಇರುವ ಇನ್ನೊಂದು ವಿಎಂಡಿಕೆಗೆ ಹೋಗುತ್ತದೆ. ಹಳೇ ಖಾತೆ ಪುಸ್ತಕ ಮುಚ್ಚಿ, ಬದಲಾದ ಸಾಲುಗಳನ್ನಷ್ಟೇ ಹೊಸ ಪುಸ್ತಕದಲ್ಲಿ ಬರೆದ ಹಾಗೆ. ಮಿಕ್ಕಿದ್ದಕ್ಕೆಲ್ಲ ಹಳೆಯದನ್ನೇ ತಿರುವಬೇಕು, ಆದ್ದರಿಂದ ಹಳೆಯದರಲ್ಲಿ ಒಂದಕ್ಷರವೂ ಬದಲಾಗಕೂಡದು. ನಾನು ಆ ಹಳೇ ಪುಸ್ತಕವನ್ನೇ ಬೂಟ್ ಮಾಡಿದ್ದೆ. ವಿಂಡೋಸ್ ಬಂತು, ಹಿಗ್ಗಿದೆ. ನೋಡಿದರೆ ಕೊನೆಯ ಬಿಲ್ಲು ಅಕ್ಟೋಬರ್‌ದು. ಮಿಕ್ಕ ಬಿಲ್ಲುಗಳು ಎಲ್ಲಿ ಅಂತ ಇಪ್ಪತ್ತು ನಿಮಿಷ ಹುಡುಕಿದೆ, ಅಷ್ಟರಲ್ಲಿ ವಿಂಡೋಸ್ ಬಾಕಿಯಿದ್ದ ಅಪ್‌ಡೇಟ್‌ಗಳನ್ನು ಅದೇ ಡಿಸ್ಕಿಗೆ ಬರೆಯುತ್ತಾ ಹೋಯ್ತು.

ಆಮೇಲೆ -000001 ತೋರಿಸಿದರೆ, ಮೂಲ ಡಿಸ್ಕ್ ಬದಲಾಗಿದೆ ಅಂತ ಎರರ್. ಪ್ರತಿ ಡಿಸ್ಕಿಗೂ ಸಿಐಡಿ ಅನ್ನುವ ಸಂಖ್ಯೆ ಇರುತ್ತದೆ, ಮರಿ ಡಿಸ್ಕ್ ತನ್ನ ಮೂಲದ್ದನ್ನು ಪೇರೆಂಟ್ ಸಿಐಡಿ ಅಂತ ಬರೆದುಕೊಂಡಿರುತ್ತದೆ. ಬೂಟ್ ಮಾಡಿದಾಗ ಮೂಲದ ಸಂಖ್ಯೆ ಬದಲಾಗಿತ್ತು. ಕೈಯಿಂದ ತಿದ್ದಿ ಹೊಂದಿಸಿದೆ, ಡಿಸ್ಕ್ ತೆರೆಯಿತು. ಆದರೆ ಕೆಳಗಿನ ಪುಟಗಳು ಆಗಲೇ ಬೇರೆಯಾಗಿದ್ದವು, ಡೇಟಾಬೇಸ್ ಏಳಲೇ ಇಲ್ಲ. ಐದು ತಿಂಗಳ ಬಿಲ್ಲುಗಳನ್ನು ಕಾಗದ ನೋಡಿ ಹನ್ನೊಂದು ದಿನ ಟೈಪ್ ಮಾಡಿದೆವು, ನಾನೂ ಅಕೌಂಟ್ಸ್ ಮೇಡಮ್ಮೂ. ಆ ಹುಡುಗಿ ಯುಗಾದಿಗೂ ಊರಿಗೆ ಹೋಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಯಾವ ಡಿಸ್ಕ್ ಅನ್ನುವ ಉತ್ತರ ಅದೇ ಫೋಲ್ಡರಿನಲ್ಲಿತ್ತು. ಮೆಷಿನ್ ಆನ್ ಆದಾಗಲೆಲ್ಲ ವಿಎಂವೇರ್ ಡಾಟ್ ಲಾಗ್ ಫೈಲಿನಲ್ಲಿ ಇಡೀ ಸೆಟಿಂಗ್ಸ್ ದಾಖಲಾಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು 'ಕಾನ್ಫಿಗರೇಷನ್' ಅನ್ನುವ ಸಾಲು ಹುಡುಕಿ. ಅದರ ಕೆಳಗಿನ ಸಾಲುಗಳ ಮುಂದಿರುವ ಸಮಯ, 'ಡಿಕ್ಟ್' ಎಲ್ಲ ಅಳಿಸಿ ಉಳಿದದ್ದನ್ನು ವಿಎಂಎಕ್ಸ್ ಆಗಿ ಸೇವ್ ಮಾಡಿದರೆ ನಿಮ್ಮ ಫೈಲ್ ಸಿದ್ಧ. ಡಿಸ್ಕ್ ಹೆಸರು, ಎಸ್‌ಸಿಎಸ್‌ಐ ಕಂಟ್ರೋಲರ್ (ಡಿಸ್ಕನ್ನು ಮೆಷಿನಿಗೆ ಜೋಡಿಸುವ ಭಾಗ), ಮೆಷಿನ್ ಶುರುವಾಗುವ ವಿಧಾನ ಬಯೋಸೋ ಇಎಫ್ಐಯೋ, ಎಲ್ಲವೂ ಅಲ್ಲಿರುತ್ತದೆ. ಕೊನೆಯ ಎರಡು ತಪ್ಪಿದರೆ ಒಳ್ಳೇ ಡಿಸ್ಕ್ ಕೂಡ ಬೂಟ್ ಆಗದೆ ಹೋಗಬಹುದು.

ಇದಕ್ಕೆಲ್ಲ ಮುಂಚೆ ಎಸ್.ಪಿ. ರೋಡಿಗೆ ಹೋಗಿ ಒಂದು ಹಾರ್ಡ್ ಡಿಸ್ಕ್ ತನ್ನಿ, ಇಡೀ ಫೋಲ್ಡರ್ ಅದಕ್ಕೆ ಕಾಪಿ ಆಗಲಿ, ಪ್ರಯೋಗವೆಲ್ಲ ಆ ಕಾಪಿಯ ಮೇಲೆ. ಮೂಲದಲ್ಲೇ ಮತ್ತೆ ಮತ್ತೆ ಆನ್ ಮಾಡುತ್ತಿದ್ದರೆ ಹೊಸ ಲಾಗ್‌ಗಳು ಹಳೆಯವನ್ನು ಹೊರದಬ್ಬುತ್ತವೆ, ನಿಮಗೆ ಬೇಕಾದ್ದೇ ಹೋಗುತ್ತದೆ. ರಿಕವರಿ ಸಾಫ್ಟ್‌ವೇರ್ ಬೇಡ ಅಂದದ್ದೂ ಅದಕ್ಕೇ: ಕೆಲವು ಕೆಬಿಯ ಚೀಟಿಗಾಗಿ ಡೇಟಾ ಇರುವ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಮೆಷಿನ್ ಆನ್ ಮಾಡುವಾಗ ಕಾಪಿ ಮಾಡಿದಿರೋ ಮೂವ್ ಮಾಡಿದಿರೋ ಅಂತ ಕೇಳಿದರೆ ಮೂವ್ ಅನ್ನಿ. ಕಾಪಿ ಅಂದರೆ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬದಲಾಗಿ, ಅದಕ್ಕೆ ಕಟ್ಟಿದ ಲೈಸೆನ್ಸ್ ಇದ್ದರೆ ನಿಂತುಹೋಗುತ್ತದೆ.

ಫೋಲ್ಡರಿನಲ್ಲಿ -000001 ಥರದ ಫೈಲ್ ಇದೆಯಾ? ಆನ್ ಮಾಡುವ ಮುಂಚೆ ಎಲ್ಲ ಫೈಲ್‌ಗಳ ಹೆಸರು, ತಾರೀಖು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.