ಹೆಸರು ಬಿಟ್ಟು ಏನೂ ಗೊತ್ತಿಲ್ಲದ ಮುತ್ತಜ್ಜಿಯ ಬಗ್ಗೆ ಹುಡುಕೋದು ಹೇಗೆ?

ನಿಮ್ಮ ಮುತ್ತಜ್ಜಿ ಹುಟ್ಟಿದ್ದು 1870ರ ಆಸುಪಾಸು, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂದಿದ್ದೀರಿ. ಹೆಸರನ್ನೂ ಪೂರ್ತಿ ನಂಬಬೇಡಿ. ಮದುವೆಯಲ್ಲಿ ಹೆಸರು ಬದಲಾಯಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಮೊದಲು ತವರೂರು ಯಾವುದು ಅಂತ ಪತ್ತೆ ಮಾಡಿ.

ಮನೆಯ ಟ್ರಂಕಿನಲ್ಲಿರುವ ಹಳೇ ಕ್ರಯಪತ್ರ, ವಿಭಾಗಪತ್ರ ತೆಗೆದು ನೋಡಿ. ಗಂಡಸರ ಹೆಸರಿನ ಮುಂದೆ ‘ಬಿನ್’ ಅಂದರೆ ಇಂಥವರ ಮಗ. ಹೆಂಗಸರಿಗೆ ‘ಕೋಂ’, ಅಂದರೆ ಇಂಥವರ ಹೆಂಡತಿ. ಈ ಪುಟ್ಟ ‘ಕೋಂ’ ಹಿಂದೆಯೇ ನಮ್ಮ ಅಜ್ಜಿಯರೆಲ್ಲ ಅಡಗಿದ್ದಾರೆ! ಗಂಡ ತೀರಿಕೊಂಡ ಮೇಲೆ ಜಮೀನು ಮಾರಿದ್ದರೆ ಆಕೆಯ ಹೆಬ್ಬೆಟ್ಟೂ ಸಿಗಬಹುದು.

ಉತ್ತರ ಕರ್ನಾಟಕದ ಕಡೆಯವರಾದರೆ ಹೆಳವರನ್ನು ಕೇಳಿ. ಸುಗ್ಗಿಯ ನಂತರ ಮನೆಗೆ ಬಂದು ವಂಶಾವಳಿ ಓದಿ ಹೇಳುವವರು ಇವರೇ. ಗಂಡು ಸಂತತಿಯದೇ ಲೆಕ್ಕ ಜಾಸ್ತಿ, ನಿಜ. ಹಾಗಾಗಿ ಗಂಡನ ಮನೆತನದ ಹೆಳವರ ಜೊತೆಗೆ ತವರಿನ ಹೆಳವರನ್ನೂ ಹುಡುಕಬೇಕು. ಕ್ರೈಸ್ತ ಕುಟುಂಬವಾದರೆ ಕೆಲಸ ಸ್ವಲ್ಪ ಸುಲಭ. ಚರ್ಚಿನ ದೀಕ್ಷಾಸ್ನಾನ, ಮದುವೆ ರಿಜಿಸ್ಟರುಗಳಿರುತ್ತವೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ.

ವಯಸ್ಸಿನ ಸುಳಿವು ಬೇಕಾ? ಹಿರಿಯರನ್ನು ಇಸವಿ ಕೇಳಬೇಡಿ, ಸುಮ್ನೆ ತಲೆ ಕೆರೆದುಕೊಳ್ಳುತ್ತಾರೆ. ಸಂವತ್ಸರ ಕೇಳಿ. ‘ಧಾತು ಈಶ್ವರ ಬರದಲ್ಲಿ ಕೈಕೂಸು’ ಅಂದರೆ 1876–78. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬರೀ ‘ಧಾತು’ ಅಂದರೆ 1936 ಕೂಡ ಆಗಬಹುದು, ಅಜ್ಜಿಯೋ ಮೊಮ್ಮಗಳೋ ನೋಡಿಕೊಳ್ಳಿ.