ಒಂದೆರಡು ಗೆಲಾಕ್ಸಿ ಸಾಲದಾ, ಕೋಟಿಗಟ್ಟಲೆ ಯಾಕೆ?

"ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ ಹಬಲ್ 1929ರಲ್ಲೇ ಹೇಳಿಯಾಯಿತು. ಈಗ ಮತ್ತೆ ಕೋಟಿಗಟ್ಟಲೆ ಗೆಲಾಕ್ಸಿಗಳನ್ನು ಅಳೆಯುವುದು ಯಾಕೆ?" ಅಂತ ಕೇಳಿದ್ದೀರಿ.

ಹಿಗ್ಗುತ್ತಿದೆಯೋ ಇಲ್ಲವೋ ಎಂಬ ಜಗಳ ಮುಗಿದು ಬಹಳ ಕಾಲವಾಯಿತು. ಯಾವ ಕಾಲದಲ್ಲಿ ಎಷ್ಟು ವೇಗವಾಗಿ ಹಿಗ್ಗಿತು ಅನ್ನುವುದೇ ಈಗಿನ ಪ್ರಶ್ನೆ. ಆ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಸೂಪರ್‌ನೋವಾಗಳಿಂದ, ಅಂದರೆ ಸಿಡಿಯುವ ನಕ್ಷತ್ರಗಳಿಂದ ಗೊತ್ತಾಯಿತು. ಅದರ ಕಾರಣಕ್ಕೆ ಡಾರ್ಕ್ ಎನರ್ಜಿ ಅಂತ ಹೆಸರಿಟ್ಟರು. ಹೆಸರಿಟ್ಟಿದ್ದೇ ಬಂತು, ಅದು ಏನು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ!

ಒಂದು ಗೆಲಾಕ್ಸಿಯ ರೆಡ್‌ಶಿಫ್ಟ್, ಅಂದರೆ ಅದರ ಬೆಳಕು ಕೆಂಪಿನ ಕಡೆಗೆ ಎಷ್ಟು ಜರುಗಿದೆ ಅನ್ನುವುದನ್ನು ನೋಡಿದರೆ, ಅದರ ಬೆಳಕು ಹೊರಟ ಮೇಲೆ ಬ್ರಹ್ಮಾಂಡ ಎಷ್ಟು ಪಟ್ಟು ಹಿಗ್ಗಿದೆ ಅಂತ ತಿಳಿಯುತ್ತದೆ. ಆದರೆ ಅಷ್ಟು ಹಿಗ್ಗಲು ಎಷ್ಟು ಕಾಲ ಹಿಡಿಯಿತು, ಗೆಲಾಕ್ಸಿ ಎಷ್ಟು ದೂರದಲ್ಲಿದೆ ಅನ್ನುವುದು ಅದೊಂದರಿಂದಲೇ ಗೊತ್ತಾಗುವುದಿಲ್ಲ. ಅದಕ್ಕೊಂದು ಅಳತೆಗೋಲು ಬೇಕು.

ಆ ಕೋಲು ಆಕಾಶದಲ್ಲೇ ಇದೆ. ಮೊದಲ ಸುಮಾರು 3 ಲಕ್ಷ 80 ಸಾವಿರ ವರ್ಷ ಬ್ರಹ್ಮಾಂಡ ಕುದಿಯುವ ಪ್ಲಾಸ್ಮಾ, ಅಂದರೆ ಇನ್ನೂ ಪರಮಾಣುಗಳಾಗದ ಬಿಸಿ ಕಣಗಳ ಸಾರು ಆಗಿತ್ತು. ಸ್ವಲ್ಪ ದಟ್ಟವಾಗಿದ್ದ ಪ್ರತಿ ಜಾಗದಿಂದಲೂ ಶಬ್ದದ ಅಲೆ ಸುತ್ತಲೂ ಹರಡುತ್ತಿತ್ತು. ತಣ್ಣಗಾಗಿ ಪರಮಾಣುಗಳಾದಾಗ ಅಲೆಗಳು ಇದ್ದಲ್ಲೇ ನಿಂತುಬಿಟ್ಟವು. ಅವು ಓಡಿದ್ದ ಆ ದೂರ ಇವತ್ತಿಗೆ ಹಿಗ್ಗಿ ಸುಮಾರು 49 ಕೋಟಿ ಜ್ಯೋತಿರ್ವರ್ಷ ಆಗಿದೆ. ಅಲೆಗಳು ನಿಂತ ಕಡೆ ಗೆಲಾಕ್ಸಿಗಳು ಸ್ವಲ್ಪ ಹೆಚ್ಚು ಹುಟ್ಟಿದ್ದರಿಂದ, ಎರಡು ಗೆಲಾಕ್ಸಿಗಳ ನಡುವೆ ಸರಿಯಾಗಿ ಇಷ್ಟು ದೂರ ಇರುವ ಸಾಧ್ಯತೆ ಒಂಚೂರು ಜಾಸ್ತಿ. ಇದೇ ನಮ್ಮ ಅಳತೆಗೋಲು: ಉದ್ದ ಗೊತ್ತಿರುವ ಕೋಲು ಆಕಾಶದಲ್ಲಿ ಎಷ್ಟು ಚಿಕ್ಕದಾಗಿ ಕಾಣುತ್ತದೆ ಅಂತ ನೋಡಿ ದೂರ ಲೆಕ್ಕ ಹಾಕಬಹುದು.

ಆ ಒಂಚೂರು ಅಂದರೆ ನೂರಕ್ಕೆ ಒಂದರಷ್ಟು. ಜೋರು ಮಳೆ ಬೀಳುವ ಕೆರೆಯಲ್ಲಿ ಒಂದು ಹನಿಯ ಉಂಗುರವನ್ನು ಬೇರೆಯಾಗಿ ಕಾಣಲು ಆಗುತ್ತದಾ? ಇಲ್ಲೂ ಅಷ್ಟೇ. ಯಾವ ಒಂದು ಜೋಡಿ ಗೆಲಾಕ್ಸಿಯಲ್ಲೂ ಈ ಅಳತೆ ಕಾಣುವುದಿಲ್ಲ. ಲಕ್ಷಾಂತರ ಜೋಡಿಗಳ ದೂರ ಲೆಕ್ಕ ಹಾಕಿದ ಮೇಲೆ ಗ್ರಾಫಿನಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ. 2005ರಲ್ಲಿ ಆಕಾಶದ ನಕ್ಷೆ ಮಾಡುವ ಸ್ಲೋನ್ ಸರ್ವೆಯ ತಂಡ ಅದನ್ನು ಕಂಡಾಗ ಕೈಯಲ್ಲಿ 46,748 ಕೆಂಪು ಗೆಲಾಕ್ಸಿಗಳಿದ್ದವು. ಅದೇ ವರ್ಷ ಟೂಡಿಎಫ್ ಅನ್ನುವ ಇನ್ನೊಂದು ಗೆಲಾಕ್ಸಿ ಸರ್ವೆಗೂ ಅದು ಸಿಕ್ಕಿತು.

ಸ್ಲೋನ್ ಕೆಲಸ ನನಗೆ ಇವತ್ತಿಗೂ ಸೋಜಿಗ. ಅಲ್ಯೂಮಿನಿಯಂ ತಟ್ಟೆಯಲ್ಲಿ ಗೆಲಾಕ್ಸಿ ಇರುವ ಕಡೆಯೆಲ್ಲ ತೂತು ಕೊರೆದು, ಒಂದೊಂದಕ್ಕೂ ಕೈಯಿಂದಲೇ ಬೆಳಕು ಸಾಗಿಸುವ ಫೈಬರ್ ಎಳೆ ಸಿಕ್ಕಿಸುತ್ತಿದ್ದರು. ಒಂದು ತಟ್ಟೆಗೆ 640 ಫೈಬರ್! ಈಗ ಅರಿಜೋನಾದ ಕಿಟ್ ಪೀಕ್‌ನಲ್ಲಿರುವ ಡೆಸಿ (DESI) ಅನ್ನುವ, ಗೆಲಾಕ್ಸಿಗಳ ರೆಡ್‌ಶಿಫ್ಟ್ ಅಳೆಯುವ ಉಪಕರಣದಲ್ಲಿ 5,000 ಪುಟ್ಟ ರೋಬೋಟುಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಮುಗಿಸುತ್ತವೆ. 2021ರಲ್ಲಿ ಸರ್ವೆ ಶುರುವಾಯಿತು. 2022ರ ಜೂನ್‌ನಲ್ಲಿ ಕಾಡ್ಗಿಚ್ಚು ಬೆಟ್ಟದ ಮೇಲಿನವರೆಗೂ ಬಂದು ಕೆಲವು ತಿಂಗಳು ಕೆಲಸ ನಿಂತಿತ್ತು. ಆದರೂ ಮೊದಲ ಮೂರು ವರ್ಷಗಳ ಡೇಟಾದಲ್ಲೇ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ, ಕ್ವೇಸಾರ್‌ಗಳು (ತುಂಬ ಪ್ರಕಾಶಮಾನ ಗೆಲಾಕ್ಸಿ ನಡುಭಾಗಗಳು) ಸೇರಿವೆ.

ಈ ಡೇಟಾದ ಫಲಿತಾಂಶ 2025ರ ಮಾರ್ಚ್‌ನಲ್ಲಿ ಬಂತು. ಡಾರ್ಕ್ ಎನರ್ಜಿ ಸ್ಥಿರವಲ್ಲ, ಕಾಲ ಕಳೆದಂತೆ ದುರ್ಬಲ ಆಗುತ್ತಿರಬಹುದು ಅಂತ ಸುದ್ದಿಯಾಯಿತು, ನೋಡಿರಬಹುದು. ನಾನಿನ್ನೂ ಒಪ್ಪಿಲ್ಲ. ಡೆಸಿ ಡೇಟಾ ಒಂದೇ ಆದರೆ ಡಾರ್ಕ್ ಎನರ್ಜಿ ಸ್ಥಿರ ಅನ್ನುವ ಹಳೆಯ ಮಾದರಿಯ ಜೊತೆ ಅಂಥ ಜಗಳವಿಲ್ಲ. ಬ್ರಹ್ಮಾಂಡದ ಹಿನ್ನೆಲೆ ವಿಕಿರಣ (ಪ್ಲಾಸ್ಮಾ ಕಾಲದಿಂದ ಉಳಿದ ಬೆಳಕು), ಸೂಪರ್‌ನೋವಾಗಳನ್ನು ಜೊತೆಗಿಟ್ಟಾಗ ಜಗಳ ಶುರುವಾಗುತ್ತದೆ. ಯಾವ ಸೂಪರ್‌ನೋವಾ ಪಟ್ಟಿ ಬಳಸಿದಿರಿ ಅನ್ನುವುದರ ಮೇಲೆ ಉತ್ತರ 2.8 ಸಿಗ್ಮಾದಿಂದ 4.2 ಸಿಗ್ಮಾವರೆಗೆ ಓಲಾಡುತ್ತದೆ (ಸಿಗ್ಮಾ ಹೆಚ್ಚಾದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ). ಹಾಗಿದ್ದರೆ ನನ್ನ ಮೊದಲ ಅನುಮಾನ ಆ ಪಟ್ಟಿಗಳ ಮೇಲೇ. ಭೌತಶಾಸ್ತ್ರದಲ್ಲಿ "ಕಂಡುಹಿಡಿದೆವು" ಅನ್ನಲು 5 ಸಿಗ್ಮಾ ಬೇಕು, ಅಲ್ವಾ?

ನೀವೇ ಕೈಯಾಡಿಸಿ ನೋಡಬೇಕು ಅಂದರೆ ಡೆಸಿಯ ಮೊದಲ ವರ್ಷದ ಡೇಟಾ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತದೆ. ಫೈಲುಗಳು ಮಾತ್ರ ಭಾರೀ ದೊಡ್ಡವು. ಮೊದಲು ಸ್ಲೋನ್‌ನವರ ಸ್ಕೈಸರ್ವರ್ ತಾಣಕ್ಕೆ ಹೋಗಿ, ಸ್ಪೆಕ್ಟ್ರಮ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ನಕ್ಷೆ) ಇರುವ ಯಾವುದಾದರೂ ಗೆಲಾಕ್ಸಿ ಆರಿಸಿ. ಅದರ ರೆಡ್‌ಶಿಫ್ಟ್ ಅಲ್ಲೇ ಬರೆದಿರುತ್ತದೆ.