ಕೊರಡಿನ ಮೇಲಿನ ಹಸಿರು ಬಟ್ಟಲುಗಳು

ಪ್ರಶ್ನೆ: ಕೊಳೆತ ಮರದ ಕೊರಡಿನ ಮೇಲೆ ಬೆಳೆಯುವ ‘ಟೆಟ್ರಾಫಿಸ್ ಪೆಲ್ಲುಸಿಡಾ’ ಎಂಬ ಹಾವಸೆಯ (ಮಾಸ್) ಚಿತ್ರದಲ್ಲಿ ಕಾಂಡಗಳ ತುದಿಗೆ ಪುಟ್ಟ ಬಟ್ಟಲುಗಳಿದ್ದವು. ಅವು ಹೂಗಳೇ? ಈ ಹಾವಸೆ ಮರವನ್ನು ತಿಂದು ಬದುಕುತ್ತದೆಯೇ? ಇಷ್ಟು ಚಿಕ್ಕ ಗಿಡದಿಂದ ಕಾಡಿಗೆ ಏನು ಪ್ರಯೋಜನ?

ಉತ್ತರ: ಹಾವಸೆಗಳಲ್ಲಿ ಹೂವೂ ಇಲ್ಲ, ಬೀಜವೂ ಇಲ್ಲ. ನೀವು ಕಂಡ ಬಟ್ಟಲು, ಕಾಂಡದ ತುದಿಯಲ್ಲಿ ಕೆಲವು ಅಗಲವಾದ ಎಲೆಗಳು ಒತ್ತಾಗಿ ಕೂಡಿ ಆದದ್ದು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ನೋಡಿದರೆ ಅದರೊಳಗೆ ಚಪ್ಪಟೆ ಬಿಲ್ಲೆಗಳಂಥ ಹಸಿರು ಕಣಗಳು ರಾಶಿ ಬಿದ್ದಿರುತ್ತವೆ. ಇವಕ್ಕೆ ಜೆಮ್ಮಾ ಎಂದು ಹೆಸರು. ಮಳೆಹನಿ ಬಟ್ಟಲಿಗೆ ಬಿದ್ದಾಗ ಸಿಡಿಯುವ ನೀರಿನೊಡನೆ ಇವು ಹೊರಗೆ ಚಿಮ್ಮಿ, ಬಹುಪಾಲು ಹತ್ತಿರದಲ್ಲೇ ಬಿದ್ದು, ತಾಯಿಗಿಡದ ತದ್ರೂಪಗಳಾಗಿ ಬೆಳೆಯುತ್ತವೆ.

ಈ ಹಾವಸೆಗೆ ಇನ್ನೊಂದು ದಾರಿಯೂ ಇದೆ. ಗಂಡು ಕಣಗಳು ನೀರಿನಲ್ಲಿ ಈಜಿ ಅಂಡವನ್ನು ಸೇರಿದ ಮೇಲೆ, ತಾಯಿಗಿಡದ ಮೇಲೆಯೇ ತೆಳ್ಳನೆಯ ದೇಟು ಎದ್ದು ತುದಿಯಲ್ಲಿ ಬೀಜಕಗಳ, ಅಂದರೆ ಬೀಜವಲ್ಲದ ಧೂಳಿನಂಥ ಸಂತಾನಕಣಗಳ, ಕೋಶ ಮೂಡುತ್ತದೆ. ಅದರ ಬಾಯಂಚಿನಲ್ಲಿ ನಾಲ್ಕೇ ಹಲ್ಲುಗಳಿರುತ್ತವೆ. ಅನೇಕ ಹಾವಸೆಗಳಲ್ಲಿ ಹದಿನಾರು ಅಥವಾ ಅದಕ್ಕಿಂತ ಹೆಚ್ಚು ಇರುವುದರಿಂದ ಇದು ಗುರುತಿಗೆ ಒಳ್ಳೆಯ ಲಕ್ಷಣ, ‘ಟೆಟ್ರಾ’ ಎಂಬ ಹೆಸರಿಗೂ ಇದೇ ಕಾರಣ. ಇಲ್ಲಿಂದ ಹೊರಬೀಳುವ ಸೂಕ್ಷ್ಮ ಬೀಜಕಗಳು ಗಾಳಿಯಲ್ಲಿ ದೂರ ಹೋಗಬಲ್ಲವು, ಆದರೆ ಜೆಮ್ಮಾಗಳಷ್ಟು ಸುಲಭವಾಗಿ ನೆಲೆಯೂರಲಾರವು.

ಎರಡು ದಾರಿ ಏಕೆ ಎಂಬುದಕ್ಕೆ ಕೊರಡನ್ನೇ ನೋಡಬೇಕು. ಅದು ದಿನೇ ದಿನೇ ಶಿಥಿಲವಾಗುವ ಮನೆ: ಚೂರು ಉದುರಿದಲ್ಲೆಲ್ಲ ಹೊಸ ಜಾಗ ತೆರೆಯುತ್ತದೆ, ಕೊನೆಗೆ ಮನೆಯೇ ಮಣ್ಣಾಗುತ್ತದೆ. ಅಮೆರಿಕದ ಸಸ್ಯವಿಜ್ಞಾನಿ ರಾಬಿನ್ ವಾಲ್ ಕಿಮ್ಮರರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಿಡಗಳು ವಿರಳವಾಗಿರುವಲ್ಲಿ ಜೆಮ್ಮಾ ಬಟ್ಟಲುಗಳೂ, ದಟ್ಟಣೆ ಹೆಚ್ಚಿದಲ್ಲಿ ಲೈಂಗಿಕ ಸಂತಾನವೂ ಮೇಲುಗೈ ಪಡೆಯುತ್ತವೆ. ಅಕ್ಕಪಕ್ಕ ಖಾಲಿಯಿದ್ದರೆ ಬೇಗ ಹಬ್ಬುವುದು, ಇಕ್ಕಟ್ಟಾದರೆ ಬೇರೆ ಕೊರಡಿಗೆ ಮಕ್ಕಳನ್ನು ಕಳುಹಿಸುವುದು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಒಂದೆರಡು ಸೆಂಟಿಮೀಟರ್ ಎತ್ತರದ, ಮಿದುಳಿಲ್ಲದ ಗಿಡಕ್ಕೆ ಇದು ಸಣ್ಣ ಲೆಕ್ಕಾಚಾರವೇನಲ್ಲ.

ಮರವನ್ನು ಅದು ತಿನ್ನುವುದಿಲ್ಲ. ಕೊಳೆಸುವ ಕೆಲಸ ಮುಖ್ಯವಾಗಿ ಶಿಲೀಂಧ್ರಗಳದು. ಹಾವಸೆಗೆ ನಿಜವಾದ ಬೇರುಗಳೇ ಇಲ್ಲ; ಎಳೆಯಂಥ ರೈಜಾಯ್ಡ್‌ಗಳು ಅದನ್ನು ಹಿಡಿದು ನಿಲ್ಲಿಸುತ್ತವೆ, ಒಂದೇ ಜೀವಕೋಶದಷ್ಟು ತೆಳುವಾದ ಎಲೆಗಳು ನೀರನ್ನು ಮೈಯಿಂದಲೇ ಹೀರಿ, ಬೆಳಕಿನಿಂದ ಆಹಾರ ತಯಾರಿಸುತ್ತವೆ.

ಪ್ರಯೋಜನವನ್ನು ಉತ್ಪ್ರೇಕ್ಷಿಸಬಾರದು, ಈ ಒಂದು ಹಾವಸೆಯಿಂದಲೇ ಕಾಡು ನಿಂತಿಲ್ಲ. ಆದರೆ ಹಾವಸೆಯ ಹೊದಿಕೆಯಿರುವ ಕೊರಡಿನಲ್ಲಿ ತೇವ ಹೆಚ್ಚು ಕಾಲ ಉಳಿಯುತ್ತದೆ, ಆ ತೇವದಲ್ಲಿ ನುಸಿಗಳು, ದುಂಡುಹುಳುಗಳು, ನೀರುಕರಡಿಗಳೆಂಬ ಸೂಕ್ಷ್ಮಪ್ರಾಣಿಗಳು ವಾಸಿಸುತ್ತವೆ. ಗಾಳಿಯಲ್ಲಿ ಬಂದ ಮರದ ಬೀಜಕ್ಕೂ ಅಲ್ಲಿ ಮೊಳೆಯಲು ಅವಕಾಶವಿದೆ. ಹಾವಸೆ ತೀರ ದಪ್ಪನಾಗಿದ್ದರೆ ಮಾತ್ರ ಮೊಳಕೆಯ ಬೇರು ಮರವನ್ನು ಮುಟ್ಟುವ ಮೊದಲೇ ಒಣಗಬಹುದು. ಬಿದ್ದ ಮರಗಳನ್ನೆಲ್ಲ ತೆಗೆದು ಕಾಡನ್ನು ‘ಚೊಕ್ಕಟ’ ಮಾಡಿದರೆ ಈ ಇಡೀ ಸಂಸಾರವೇ ಬೀದಿಗೆ ಬೀಳುತ್ತದೆ.

ಪ್ರಶ್ನೆ: ಹಾವಸೆಯೂ ಪಾಚಿಯೂ ಒಂದೇ ಅಲ್ಲವೇ?

ಉತ್ತರ: ಮಾತಿನಲ್ಲಿ ಎರಡನ್ನೂ ಪಾಚಿ ಎನ್ನುವುದುಂಟು. ಕೆರೆಯ ನೀರಿನ ಪಾಚಿಗೆ ಕಾಂಡ, ಎಲೆಗಳ ರಚನೆಯಿಲ್ಲ. ಹಾವಸೆಗೆ ಸರಳವಾಗಿಯಾದರೂ ಇದೆ. ಆದರೆ ಹಾವಸೆಯ ಬೀಜಕ ಮೊಳೆತಾಗ ಮೊದಲು ಬರುವುದು ಕವಲೊಡೆದ ಹಸಿರು ಎಳೆ. ಆ ಹಂತದಲ್ಲಿ ಮಾತ್ರ ಅದನ್ನು ಪಾಚಿಯೆಂದೇ ಭಾವಿಸಿದರೆ ನಿಮ್ಮದು ತಪ್ಪಲ್ಲ.